ಮೊಮ್ಮಗಳಿಗೆ ಹಳ್ಳದ ತಂಪು

ಎರಡು ಸಲ ಕೈ ತೊಳೆದೆ, ಜೋಳದ ಹಿಟ್ಟು ನಾದಿದೆ, ಆದರೂ ಬೆರಳಿನಿಂದ ಲಾವಂಚದ ವಾಸನೆ ಹೋಗಿಲ್ಲ. ನಮ್ಮ ಔರಾದದಲ್ಲಿ ಈ ಹುಲ್ಲಿಗೆ ವಾಳಾ ಎನ್ನುತ್ತೇವೆ. ನಿಮಗೂ ಮೂಸಲು ಕೊಡೋಣವೆಂದರೆ ಕಾಗದಕ್ಕೆ ವಾಸನೆ ಹತ್ತುವುದಿಲ್ಲವಲ್ಲ!

ಸೊಸೆ ತವರಿನಿಂದ ಕೂಸನ್ನು ಕರೆತಂದು ತಿಂಗಳಾಯಿತು. ಕೂಸಿನ ಸುದ್ದಿ ತೆಗೆದರೆ ಹುಲ್ಲಿನ ಮಾತು ಹಿಂದೆ ಬೀಳುತ್ತದೆ, ಆದರೂ ಒಂದು ಹೇಳಿಬಿಡುತ್ತೇನೆ: ನನ್ನನ್ನು ಕಂಡರೆ ಕಾಲಿನಿಂದಲೂ ನಗುತ್ತಾಳೆ. ನಮ್ಮದು ತಗಡಿನ ಮನೆ. ಬಿಸಿಲಿಗೆ ಕೂಸಿನ ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿತು.

"ಅತ್ತಿ, ಮಳಿ ಆಗೋತನಕ ಉಮರ್ಗಾಕ್ಕ ಹೋಗ್ತೀನ್ರಿ. ಅವ್ವನ ಮನ್ಯಾಗ ಸ್ಲ್ಯಾಬ್ ಅದ" ಎಂದಳು ಸೊಸೆ.

ಅವಳ ಮಾತು ಸರಿಯೇ. ಆದರೆ ಅಷ್ಟರಲ್ಲಿ ಕೂಸು ಬೋರಲು ಬೀಳುತ್ತದೆ. ಅದನ್ನು ಅವರು ನೋಡಬೇಕು, ನಾನು ಫೋನಿನಲ್ಲಿ ಕೇಳಬೇಕು! "ಎರಡ ದಿನ ತಡಿಯವ್ವ" ಎಂದೆ.

ನೆನಪಾದದ್ದು ನನ್ನ ಅತ್ತೆ. ಬೇಸಿಗೆ ಬಂತೆಂದರೆ ವಾಳಾದ ಬೇರಿನ ತಟ್ಟಿ ಹೆಣೆದು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಹೊಸ ಸೊಸೆಯಾದ ನಾನು ಜಾಣತನ ತೋರಿಸಲು ಹಳ್ಳದಿಂದ ಒಂದು ಬುಡ ತಂದು, ಹಿತ್ತಲಲ್ಲಿ ತಿಪ್ಪೆಗೊಬ್ಬರ ಹಾಕಿ, ದಿನಾ ನೀರೆರೆದು ಬೆಳೆಸಿದೆ. ಗರಿ ನನ್ನ ತಲೆ ಮೀರಿತು. ಅಗೆದರೆ ಅರ್ಧ ಬೇರನ್ನು ಕರಿಮಣ್ಣು ಬಿಡಲೇ ಇಲ್ಲ. ಬಂದ ಬೇರಿಗೆ ವಾಸನೆಯೂ ಅಷ್ಟಕ್ಕಷ್ಟೆ.

ಅತ್ತೆ ಮೂಸಿ ನಕ್ಕರು. "ಹುಲ್ಲಿಗೆ ಹುಗ್ಗಿ ಉಣಿಸೀಯೇನ, ಹುಚ್ಚಿ? ಮಳಿಗಾಲದಾಗ ಅದು ನೀರಾಗ ನಿಲ್ಲಬೇಕು, ಬ್ಯಾಸಗ್ಯಾಗ ನೀರ ಹುಡುಕ್ಕೋತ ಉಸುಕಿನಾಗ ತಾನಾ ಕೆಳಗ ಇಳೀಬೇಕು. ಆಗ ಬೇರು, ಆಗ ವಾಸನಿ."

ಅತ್ತೆ ಹೋದರು, ಕೂಲರ್ ಬಂತು, ತಟ್ಟಿ ಮರೆತೆವು. ಹಳ್ಳದ ತಿರುವಿನಲ್ಲಿ ವಾಳಾ ಮಾತ್ರ ನಿಂತೇ ಇತ್ತು. ಮೊನ್ನೆ ಬೆಳಿಗ್ಗೆ ನಮ್ಮ ಮನೆಯವರನ್ನು ಎಬ್ಬಿಸಿ, ಗುದ್ದಲಿ ಹಿಡಿಸಿಕೊಂಡು ಹೋದೆ.

"ಕೂಲರ್ ಇಟ್ಟಕೊಂಡು ಹುಲ್ಲು ಹಡ್ಡಾಕ ಹೊಂಟೀವಂದ್ರ ಮಂದಿ ನಗ್ತಾರ" ಎಂದರು ಅವರು.

"ನಗಲಿ. ಲೈಟ್ ಹೋದ್ರ ನಿಮ್ಮ ಕೂಲರ್ ನನ್ನಂಗ ಸುಮ್ನ ಕೂಡ್ತದ."

"ನೀ ಯಾವಾಗ ಸುಮ್ನ ಕೂತಿದ್ದಿ?"

ಉಸುಕಿನಲ್ಲಿದ್ದ ಬೇರು ಮೊಳದುದ್ದ ಇಡಿಯಾಗಿ ಬಂತು, ಅರಿಶಿಣದ ಬಣ್ಣ. ನಮ್ಮ ಹಳ್ಳದ ವಾಳಾ ಬೀಜದಿಂದ ಹುಟ್ಟಿದ್ದನ್ನು ನಾನು ಕಂಡಿಲ್ಲ. ಬುಡ ನೆಟ್ಟರಷ್ಟೇ ಉಳಿಯುತ್ತದೆ. ಆದ್ದರಿಂದ ಗರಿ ಕತ್ತರಿಸಿ, ಬುಡ ಸೀಳಿ, ಅದೇ ಕುಣಿಯಲ್ಲಿ ನೆಟ್ಟು ಬಂದೆವು. ಸಂಜೆ ಬಿದಿರಿನ ದಬ್ಬೆಗಳ ನಡುವೆ ಬೇರು ತುಂಬಿ, ಗಾಳಿ ಬರುವ ಕಿಟಕಿಗೆ ಕಟ್ಟಿದೆವು.

ನಿನ್ನೆ ಮಧ್ಯಾಹ್ನವೆಲ್ಲ ಲೈಟ್ ಇರಲಿಲ್ಲ. ಸೊಸೆ ತಟ್ಟಿಯ ಮುಂದೆ ಕುಳಿತು, ಆಗಾಗ ಕೂಸಿನ ಬೆನ್ನು ಮುಟ್ಟಿ ನೋಡುತ್ತಿದ್ದಳು. ಹೋಗುತ್ತೀಯೋ ಇರುತ್ತೀಯೋ ಎಂದು ನಾನು ಕೇಳಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ.

ಈಗ ಇದನ್ನು ಬರೆಯುತ್ತಿರುವಾಗ ಅವಳು ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದಾಳೆ: "ಇಲ್ಲವ್ವ, ಈಗ ಬರಂಗಿಲ್ಲ. ಕೂಸು ಚಲೋ ಮಲಗ್ಯಾದ. ನೀನಾ ಬಾ."

ನನಗೆ ಕೂತಿರಲಾಗಲಿಲ್ಲ. ಎದ್ದು ಹೋಗಿ, ತಟ್ಟಿ ಒದ್ದೆಯಿದ್ದರೂ ಮತ್ತೊಂದು ತಂಬಿಗೆ ನೀರು ಹೊಡೆದೆ.

"ಸಾಕ್ರಿ ಅತ್ತಿ! ನೋಡ್ರಿ, ಕೂಸು ಎದ್ದು ಸೀನಿತು!"

ಸೀನಿದಳು, ಖರೆ. ಆದರೆ ಏನು ಸೀನು ಅಂತೀರಿ! ಅಂಥ ಸೀನು ನೀವು ಕೇಳಿಯೇ ಇಲ್ಲ.