ಲಾವಣಿಗೆ ಒಂದು ಸಾಲು

ನಮ್ಮ ಮನೆಯಲ್ಲಿ ಗಂಡಸರಿಗೆ ಹೊಲವಿದೆ, ಹೆಂಗಸರಿಗೆ ಸಾಲಿದೆ. ಬೇರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ. ನನ್ನ ತವರು ಕಲಘಟಗಿ ಕಡೆ, ಭತ್ತ ಬೆಳೆಯುವ ನೆಲ. ನವಲಗುಂದದ ಈ ಎರೆ ಹೊಲಕ್ಕೆ ಸೊಸೆಯಾಗಿ ಬಂದ ವರ್ಷ, ದಸರಾ ಮುಗಿದು ಕಡಲೆ ಬಿತ್ತುವ ದಿನ, ನಮ್ಮತ್ತೆ ನನ್ನನ್ನು ಬದುವಿನ ಮೇಲೆ ನಿಲ್ಲಿಸಿ ಉಡಿಯಲ್ಲಿ ಹವೀಜ ಸುರಿದರು. ಹವೀಜ ಅಂದರೆ ಕೊತ್ತಂಬರಿ ಕಾಳು. ಕಡಲೆಯ ನಡುವೆ ಅಲ್ಲಲ್ಲಿ ಒಂದೊಂದು ಸಾಲು ಖಾಲಿ ಬಿಟ್ಟಿದ್ದರು. ಅವುಗಳಲ್ಲಿ ಒಂದನ್ನು ತೋರಿಸಿ, “ಅದು ನಿಂದು. ಬಿತ್ತಾಕಿ ನೀನ, ಕೊಯ್ಯಾಕಿ ನೀನ, ಮಾರಿದ ರೊಕ್ಕಾನೂ ನಿಂದ. ಯಾರೂ ಕೇಳಂಗಿಲ್ಲ, ನನ್ನ ಮಗನೂ ಕೇಳಂಗಿಲ್ಲ,” ಎಂದರು. ಇದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ.

ಸಾಲು ಎಂದರೆ ಗೇಣುದ್ದದ್ದಲ್ಲ. ನಮ್ಮ ಕಡೆಯ ಹೊಲಗಳು ಕಣ್ಣು ಹಾಯುವಷ್ಟು ಉದ್ದ. ಹಾಗಂತ ಅದರಿಂದ ಬಂಗಾರವೇನೂ ಬರುವುದಿಲ್ಲ. ಒಂದು ಒಳ್ಳೆಯ ಸೀರೆ, ತವರಿಗೆ ಹೋಗುವಾಗ ತಮ್ಮಂದಿರ ಮಕ್ಕಳಿಗೆ ಏನಾದರೊಂದು, ಅಷ್ಟಕ್ಕೆ ಸರಿಹೋಗುತ್ತದೆ. ಆದರೆ ಆ ರೊಕ್ಕ ಕೈಗೆ ಬಂದ ವಾರ ನನ್ನ ನಡಿಗೆಯೇ ಬೇರೆಯಾಗುತ್ತಿತ್ತಂತೆ. “ಸಾವಕಾರ್ತಿ ಬಂದ್ಲು, ದಾರಿ ಬಿಡ್ರಿ,” ಎಂದು ಗಂಡ ಚೇಷ್ಟೆ ಮಾಡುತ್ತಿದ್ದರು. ಮಾಡಲಿ ಬಿಡಿ. ಸಾವಕಾರ್ತಿ ಆಗಿದ್ದೆ, ಆಗಿದ್ದೇನೆ.

ಮಕ್ಕಳಿಗೂ ಸಾಲು ಕೊಡುವ ಪದ್ಧತಿ ಹಾಕಿದವರು ನಮ್ಮತ್ತೆಯೇ. ಹತ್ತು ತುಂಬಿತೆಂದರೆ ಗಂಡಾಗಲಿ ಹೆಣ್ಣಾಗಲಿ ಒಂದು ಸಾಲು. ಮಾವನವರು ಮೊದಲು ಒಪ್ಪಲಿಲ್ಲ. “ಸಣ್ಣ ಹುಡುಗರ ಕೈಯಾಗ ರೊಕ್ಕ ಕೊಟ್ರ ಕೆಡತಾವು,” ಎಂದರು. “ಕೈಯಾಗ ಹಿಡೀದ ರೊಕ್ಕದ ಬುದ್ಧಿ ಎಲ್ಲಿಂದ ಬರಬೇಕ್ರಿ? ಮುಪ್ಪಿನಾಗ ಬರಬೇಕೇನು?” ಎಂದು ನಮ್ಮತ್ತೆ ಅವರ ಬಾಯಿ ಮುಚ್ಚಿಸಿದರು. ಒಂದೇ ಒಂದು ಷರತ್ತು. ಬಂದ ರೊಕ್ಕದಲ್ಲಿ ಮನೆಯವರಿಗೋ ಬೀಗರಿಗೋ, ಯಾರಾದರೂ ಒಬ್ಬರಿಗೆ ಏನಾದರೂ ಕೊಡಬೇಕು. ಯಾರಿಗೆ, ಏನು, ಎಷ್ಟು ಎಂಬುದು ಮಕ್ಕಳ ಇಷ್ಟ. ಕೊಟ್ಟು ಡಂಗುರ ಹೊಡೆಯಕೂಡದು.

ನನ್ನ ಮಗ ಮೊದಲ ವರ್ಷ ಮನೆಮಂದಿಗೆಲ್ಲ ನವಲಗುಂದದಿಂದ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಂದ. ಬಸ್ಸು ಇಳಿಯುವಷ್ಟರಲ್ಲಿ ಮಿರ್ಚಿಯ ಪೊಟ್ಟಣ ಖಾಲಿ. “ಘಮಾ ಘಮಾ ಅನ್ನಾಕ ಹತ್ತಿತ್ತು, ನಾ ಏನ್ ಮಾಡ್ಲಿ?” ಎಂದ. ಅವನ ಅಜ್ಜಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮಗಳು ಹಾಗಲ್ಲ. ಅವಳು ಈಗ ಒಂಬತ್ತನೇ ತರಗತಿ. ಒಂದು ವರ್ಷ ಅಜ್ಜಿಗೆ ಒಂದು ಬಾಚಣಿಗೆ ಕೊಟ್ಟಳು, ಇನ್ನೊಂದು ವರ್ಷ ನನಗೆ ಒಂದು ಹಾಳೆ ಪಿನ್ನು. ಸೀರೆಗೆ ಚುಚ್ಚುವ ಪಿನ್ನು ಕಣ್ರೀ! ಉಳಿದದ್ದೆಲ್ಲ ಬಿಸ್ಕೀಟಿನ ಹಳೇ ತಗಡಿನ ಡಬ್ಬಿಗೆ. ಗೆಳತಿಯರು ಕಿವಿಗೆ, ಕೈಗೆ, ಕೂದಲಿಗೆ ಏನೇನೋ ಕೊಳ್ಳುತ್ತಿದ್ದರೆ ಇವಳು ಡಬ್ಬಿಯನ್ನು ಅಲ್ಲಾಡಿಸಿ ನೋಡಿ ಮತ್ತೆ ಇಟ್ಟುಬಿಡುವಳು. “ಜಿಪುಣಿ ಎಲ್ಲಿದ್ದಿ, ಯಾರ ಗುಣ ಬಂತ ನಿನಗ?” ಎಂದು ಬೈಯುತ್ತಿದ್ದೆ. ಗಂಡ ನನ್ನ ಮುಖ ನೋಡುತ್ತಿದ್ದರು. ನನಗೆ ನಿಜವಾಗಿಯೂ ಚಿಂತೆಯಾಗಿತ್ತು. ಕೊಡುವ ಕೈ ಅಲ್ಲ ಇವಳದು, ನಾಳೆ ಯಾರ ಮನೆ ಬೆಳಗುತ್ತಾಳೋ ಎಂದುಕೊಂಡಿದ್ದೆ.

ಹೋದ ವರ್ಷ ಪಂಚಮಿಗೆ ನನ್ನ ನಾದಿನಿ ಬಂದಳು. ಅವಳನ್ನು ಕುಂದಗೋಳದ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದೆ. ಗಟ್ಟಿ ಮನೆತನ, ಮೆಣಸಿನಕಾಯಿ ಬೆಳೆಯುವ ಹೊಲ, ಉಣ್ಣಲು ಉಡಲು ಯಾವುದಕ್ಕೂ ಕೊರತೆಯಿಲ್ಲ. ಆದರೆ ಆ ಮನೆಯಲ್ಲಿ ಅಕ್ಕಡಿಯ ರೊಕ್ಕವೂ ಗಂಡಸರ ಕಿಸೆಗೇ ಹೋಗುತ್ತದೆ. ಕೇಳಿದರೆ ಇಲ್ಲ ಎನ್ನುವವರಲ್ಲ. ಆದರೆ ಕೇಳಬೇಕು. ಬಸ್ಸಿನ ಚಾರ್ಜಿಗೂ ಕೇಳಬೇಕು, ಅಣ್ಣನ ಮಕ್ಕಳಿಗೆ ಪೆಪ್ಪರಮಿಂಟು ತರಲೂ ಕೇಳಬೇಕು.

ಅವತ್ತು ಕಟ್ಟೆಯ ಮೇಲೆ ಕುಳಿತು ಅವಳು ನನ್ನ ಮಗಳ ಜಡೆ ಹಾಕುತ್ತಿದ್ದಳು. ನಾನು ಬಾಜುವಿನಲ್ಲೇ ಉಂಡಿ ಕಟ್ಟುತ್ತಿದ್ದೆ. ಮಗಳು ಸಾಲಿನ ಮಾತು ತೆಗೆದಳು.

“ನಂದೂ ಒಂದ್ ಸಾಲಿತ್ತಬೇ,” ಎಂದಳು ನಾದಿನಿ. “ಅಗದಿ ಛಲೋ ಬರತಿತ್ತು. ಇಡೀ ಓಣಿಗೆ ವಾಸನಿ.”

“ಆಮ್ಯಾಲೆ?”

“ಆಮ್ಯಾಲೇನು, ಲಗ್ನ ಆತು. ಸಾಲು ಹೋತು.”

“ಯಾರ್ ತಗೊಂಡ್ರು?”

“ತಗೊಳ್ಳೂದೇನೈತಿ? ಹೋದಾಕಿದು ಹೋತು.” ನಾದಿನಿ ನಗುತ್ತಲೇ ಹೇಳಿದಳು, ಜಡೆಗೆ ರಿಬ್ಬನ್ ಕಟ್ಟಿ ಬೆನ್ನಿಗೊಂದು ಗುದ್ದು ಕೊಟ್ಟು ಎದ್ದಳು. ನಾನೂ ನಕ್ಕೆ. ಮಗಳು ನಗಲಿಲ್ಲ. ಅದನ್ನು ನಾನು ಗಮನಿಸಿದೆ, ಆದರೆ ಉಂಡಿಯ ಪಾಕ ಗಟ್ಟಿಯಾಗುತ್ತಿತ್ತು, ಮರೆತುಬಿಟ್ಟೆ.

ಅದೇ ವರ್ಷ, ಕಡಲೆ ಬಿತ್ತುವ ಹಿಂದಿನ ಸಂಜೆ. ಮಾವನವರು ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ನಾಳೆಯ ಲೆಕ್ಕ ಹೇಳುತ್ತಿದ್ದರು. ಅಕ್ಕಡಿಗೆ ಒಂದು ನಮ್ಮತ್ತೆಗೆ, ಒಂದು ನನಗೆ, ಇಬ್ಬರು ಮಕ್ಕಳಿಗೆ ಒಂದೊಂದು, ಎಂದಿನಂತೆ.

“ಅಜ್ಜಾ, ಇನ್ನೊಂದು ಬಿಡು,” ಎಂದಳು ಮಗಳು.

“ಯಾರಿಗೆ?”

“ಅತ್ತಿಗೆ. ನಿನ್ನ ಮಗಳಿಗೆ.”

ಮಾವನವರು ನಕ್ಕರು. “ಹುಚ್ಚಿ, ನಿಮ್ಮತ್ತಿ ಹೊಲ ಕುಂದಗೋಳ ಕಡೆ ಐತಿ. ಕೊಟ್ಟ ಮಗಳಿಗೆ ನಾ ಇಲ್ಲಿ ಸಾಲು ಹಾಕಿದ್ರ ಆ ಮನಿಯವರು ಏನಂದಾರು? ನಾವೇನು ಹೊಟ್ಟಿಗೆ ಹಾಕೂದಿಲ್ಲೇನು ಅಂತಾರ.”

“ಹೊಟ್ಟಿಗಲ್ಲ ಅಜ್ಜಾ, ಕೈಗೆ.”

ಮಾವನವರು ಕಪ್ಪು ಬಸಿ ಕೆಳಗಿಟ್ಟರು. “ಹಂಗ ಪದ್ಧತಿ ಇಲ್ಲ. ಲಗ್ನ ಆಗಿ ಹೋದಾಕಿದು ಸಾಲು ಮುಗೀತು,” ಎಂದರು. ಅವರು ಮುಗೀತು ಎಂದರೆ ನಮ್ಮ ಮನೆಯಲ್ಲಿ ಮುಗಿಯಿತು. ನಾನು ಮಗಳನ್ನು ಕಣ್ಣಿನಲ್ಲೇ ಗದರಿಸಿದೆ. ಅವಳು ಎದ್ದು ಒಳಗೆ ಹೋದಳು. ಸದ್ಯ, ಬಚಾವಾದೆವು ಎಂದುಕೊಂಡೆ.

ಎಲ್ಲಿಯ ಬಚಾವು! ತಗಡಿನ ಡಬ್ಬಿ ಹಿಡಿದು ಹೊರಗೆ ಬಂದಳು. ವರ್ಷಾ ವರ್ಷಾ ನಮ್ಮ ಮನೆಗೆ ಹೊಲ ಲಾವಣಿಗೆ ಕೇಳಲು ಬರುವವರು ಮಾವನವರ ಎದುರಿಗೆ ಹೇಗೆ ಕೂರುತ್ತಾರೋ ಹಾಗೇ ಕೂತಳು. ಒಬ್ಬರ ಹೊಲವನ್ನು ಇನ್ನೊಬ್ಬರು ರೊಕ್ಕ ಕಟ್ಟಿ ಸಾಗುವಳಿ ಮಾಡುವುದು ಲಾವಣಿ. ಹುಟ್ಟಿದಾಗಿನಿಂದ ಅಜ್ಜನಿಗೆ ನೀನು ಎನ್ನುವ ಹುಡುಗಿ ಅವತ್ತು ರೀ ಹಚ್ಚಿ ಮಾತು ಶುರು ಮಾಡಿದಳು.

“ಹಂಗಾರ ಒಂದ್ ಸಾಲು ಲಾವಣಿಗೆ ಕೊಡ್ರಿ. ರೊಕ್ಕ ಮುಂಗಡ ತಂದೇನಿ. ಬೀಜ ನಂದು, ಕಳೆ ತಗಿಯೂದು ನಂದು. ಯಾರಿಗೆ ಬಿತ್ತತಿ ಅಂತ ನೀವು ಕೇಳಂಗಿಲ್ಲ.”

ನನ್ನ ಗಂಡನಿಗೆ ಚಹಾ ನೆತ್ತಿಗೇರಿತು. ಮಾವನವರ ಮುಖ ಕೆಂಪಾಯಿತು. “ಏನು? ನನ್ನ ಹೊಲ ನನ್ನ ಮೊಮ್ಮಗಳಿಗೇ ಲಾವಣಿ ಹಾಕಲೇನು? ಮಂದಿ ಕೇಳಿದ್ರ ಮಾರಿ ಮ್ಯಾಲೆ ಉಗಳತಾರ!”

“ಏಳ ಬೇ, ಸಾಕು ನಿನ್ನ ಶಾಣ್ಯಾತನ,” ಎಂದು ನಾನು ರಟ್ಟೆ ಹಿಡಿಯಲು ಹೋದೆ. ನಮ್ಮತ್ತೆ ತಡೆದರು. “ಬಿಡು ಅಕಿನ್ನ. ಮಾತಾಡ್ಲಿ.” ಹೊರಟುಹೋದ ಸಾಲು ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳದು ಎಂಬುದು ನನಗೆ ಆಗ ಹೊಳೆಯಿತು. ಅವರು ಗಂಡನ ಕಡೆ ತಿರುಗಿ, “ನನ್ನ ಸಾಲು ಅಕಿಗೆ ಬಿಡ್ರಿ. ನನಗಿನ್ನ ಏನ್ ಬೇಕಾಗೇತಿ,” ಎಂದರು.

“ನಿಂದು ಬ್ಯಾಡ ಅಜ್ಜಿ, ನಿಂದು ನಿನಗಿರಲಿ,” ಎಂದಳು ಮಗಳು. ಆಮೇಲೆ ಅಜ್ಜನ ಮುಖವನ್ನೇ ನೋಡುತ್ತಾ, ರೀ ಬಿಟ್ಟು, ಎಂದಿನ ದನಿಯಲ್ಲಿ ಕೇಳಿದಳು: “ಅಜ್ಜಾ, ನನ್ನ ಲಗ್ನ ಆದಮ್ಯಾಲೆ ನನ್ನ ಸಾಲೂ ಮುಗೀತೇನು?”

ಮಾವನವರು ಡಬ್ಬಿಯ ಕಡೆ ನೋಡಿದರು.

“ಹಂಗಿದ್ರ ಈಗ ಹೇಳಿಬಿಡು. ಅದರ ಲಾವಣಿಗೂ ಈಗಿಂದ ರೊಕ್ಕ ಕೂಡಸ್ತೇನಿ.”

ಸಿಟ್ಟಿನಿಂದ ಹೇಳಲಿಲ್ಲ, ಅಳುತ್ತಲೂ ಹೇಳಲಿಲ್ಲ. ಬಸ್ಸು ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳುವವರ ಹಾಗೆ ಕೇಳಿದಳು. ಅದೇ ನನ್ನ ಎದೆಗೆ ತಾಗಿತು. ಮಾವನವರು ಎದ್ದು, ರುಮಾಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಡಬ್ಬಿ ಅಲ್ಲೇ ಉಳಿಯಿತು.

ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬೈಯಬೇಕೆಂದಿದ್ದೆ. “ಅಜ್ಜಗ ಹಂಗ ಮಾತಾಡತಾರೇನು?” ಎಂದೆ. “ನೀವ ಹೇಳಿದ್ರಲ್ಲ ಅವ್ವಾ, ಸಾಲು ನಿಂದು ಅಂತ. ನಿಂದು ಅಂದಮ್ಯಾಲೆ ಎಲ್ಲೀತನಕ ಅಂತ ಕೇಳಬಾರದೇನು?” ಎಂದಳು. ಬಾಯಿ ಜೋರೆಂದು ಊರಲ್ಲಿ ಹೆಸರು ಮಾಡಿದವಳು ನಾನು! ಈ ಮನೆಯಲ್ಲಿ ಇಷ್ಟು ವರ್ಷ ಸಾಲು ಬಿತ್ತಿದ್ದೇನೆ, ಕೊಯ್ದಿದ್ದೇನೆ, ರೊಕ್ಕ ಎಣಿಸಿದ್ದೇನೆ; ಈ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಬೈಯುವುದನ್ನು ಬಿಟ್ಟು ಬಿಸಿ ರೊಟ್ಟಿಯ ಮೇಲೆ ಎರಡು ಪಾಲು ಬೆಣ್ಣೆ ಹಾಕಿಕೊಟ್ಟೆ.

ಮಾವನವರು ಬಂದು ಉಂಡರು, ಮಲಗಿದರು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಲದಲ್ಲಿದ್ದವರು ಅವರೇ. ಟ್ರ್ಯಾಕ್ಟರಿನವನು ಕೂರಿಗೆ ಹೂಡಿಕೊಂಡು ಬಂದು, “ಅಕ್ಕಡಿಗೆ ಮಾಮೂಲಿಯಷ್ಟ ಬಿಡಲೇನ್ರಿ?” ಎಂದು ಕೇಳಿದ.

“ಒಂದು ಹೆಚ್ಚಿಗಿ ಬಿಡು.”

“ಯಾರಿಗ್ರಿ?”

“ನನ್ನ ಮಗಳಿಗೆ.” ಇಂಜಿನ್ನಿನ ಗದ್ದಲದಲ್ಲೂ ಬಾಜು ಹೊಲದವರಿಗೆ ಕೇಳುವಷ್ಟು ಜೋರಾಗಿ ಹೇಳಿದರು. ಆಮೇಲೆ ನನ್ನ ಗಂಡನನ್ನು ಕರೆದರು. “ಕೇಳ್ಸ್ಕೋಲೇ. ಇಕಿದೂ ಅಷ್ಟ. ಲಗ್ನ ಆಗಿ ಎಲ್ಲೇ ಹೋಗ್ಲಿ, ಇಕಿ ಸಾಲು ಇಕಿದ. ನಾಳೆ ನಾ ಇಲ್ಲದಾಗ ಪದ್ಧತಿ ಇಲ್ಲ ಅನಬ್ಯಾಡ್ರಿ. ಇವತ್ತಿನಿಂದ ಐತಿ.” ಮೊಮ್ಮಗಳ ಕಡೆ ತಿರುಗಿ ಬೆರಳು ಎತ್ತಿದರು. “ಇನ್ನೊಮ್ಮಿ ಲಾವಣಿ ಅಂದಿ ಅಂದ್ರ ನೋಡು ಮತ್ತ! ಡಬ್ಬಿ ಎತ್ತಿಡು ಹೋಗು.”

“ಬೀಜ ಮಾತ್ರ ನಂದ ಅಜ್ಜಾ,” ಎಂದಳು ಅವಳು. ತೋರಿಸಿದಳು, ಬಟ್ಟೆಯ ಚೀಲದಲ್ಲಿ ಹವೀಜ. ದಸರಾ ರಜೆಯಲ್ಲಿ ನವಲಗುಂದಕ್ಕೆ ಹೋದಾಗಲೇ ತನ್ನ ರೊಕ್ಕದಲ್ಲಿ ತಂದಿಟ್ಟಿದ್ದಳಂತೆ. ಅಜ್ಜ ಒಪ್ಪುತ್ತಾನೋ ಇಲ್ಲವೋ ಗೊತ್ತಿಲ್ಲದೆ ಬೀಜ ಕೊಂಡವಳು ನನ್ನ ಜಿಪುಣಿ!

ಮಾವನವರು ನನ್ನ ಫೋನು ಇಸಿದುಕೊಂಡು ತಮ್ಮ ಮಗಳಿಗೆ ಹಚ್ಚಿಸಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಸ್ಪೀಕರಿಗೆ ಹಾಕಲು ಹೇಳಿದರು. “ಯವ್ವಾ, ನಿನ್ನ ಹವೀಜ ಬಿತ್ತಾಕ ಹತ್ತೇವಿ. ಕೊಯ್ಲಿಗೆ ಬಾ. ನಿನ್ನ ಸಾಲು ಇನ್ನ ನಿಂದ,” ಎಂದರು.

ಲೈನು ಕಟ್ಟಾಯಿತು ಎಂದುಕೊಂಡೆವು. “ಹಲೋ, ಹಲೋ,” ಎಂದು ಮಾವನವರು ಕೂಗಿದರು.

“ಹಳ್ಳದ ಬಾಜೂದೇನಪಾ?” ಎಂದಳು ನಾದಿನಿ.

ಇಷ್ಟು ವರ್ಷ ಅವಳು ತನ್ನ ಹಳೇ ಸಾಲನ್ನು ಮರೆತಿರಲೇ ಇಲ್ಲ. ಮಾವನವರು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು ಆ ಕಡೆ ತಿರುಗಿ ನಿಂತರು. ಹಳ್ಳದ ಬಾಜುವಿನ ಸಾಲು ಈಗ ನನ್ನ ಮಗಳದಾಗಿತ್ತು. ಅವಳು ಒಂದು ಕ್ಷಣವೂ ತಡೆಯಲಿಲ್ಲ. “ಹೌದ್ರಿ ಅತ್ತಿ, ಹಳ್ಳದ ಬಾಜೂದ,” ಎಂದಳು. ಎನ್ನುತ್ತಲೇ ಚೀಲ ಎತ್ತಿಕೊಂಡು ಆ ಕಡೆ ನಡೆದಳು. ನಾವೆಲ್ಲ ಅವಳ ಹಿಂದೆ.

ಫೋನಿನಲ್ಲಿ ಮೂಗು ಒರೆಸಿಕೊಳ್ಳುವ ಸದ್ದು ಬಂತು. ಆಮೇಲೆ ಶುರುವಾಯಿತು ನೋಡಿ. “ಬೀಜ ದಟ್ಟ ಬಿಡಬ್ಯಾಡ್ರಿ, ಅಲ್ಲಿ ತೇವ ಭಾಳ. ಆ ಕಡೆಯಿಂದ ಆಡು ಬರತಾವು, ಮುಳ್ಳು ಹಚ್ಚರಿ. ಅಪ್ಪಾ, ಕೇಳಾಕ ಹತ್ತೀಯೇನು? ನಾ ಬರೂತನಕ ಯಾರೂ ಕೈ ಹಚ್ಚಬ್ಯಾಡ್ರಿ, ಅದು ನಂದೈತಿ!”

“ಹೌದವಾ,” ಎಂದರು ಮಾವನವರು, ರುಮಾಲಿನಿಂದ ಮುಖ ಒರೆಸಿಕೊಂಡು, ಬಿತ್ತಲು ಬಗ್ಗಿದ ಮೊಮ್ಮಗಳ ಹಿಂದೆ ನಿಂತು. “ಹೌದವಾ, ನಿಂದ. ನೀ ಹೇಳಿದಂಗ ಮಾಡತೇವಿ.”