ಬಾಯಿಗೊಂದು ಕಲ್ಲುಸಕ್ಕರೆ
ಕೆಂಭಾವಿ ಸುತ್ತಲಿನ ಮಾಸ್ತರರಿಗೆ ಹೊಸ ಬೋಧನಾಕ್ರಮ ಕಲಿಸಲು ಬರುವ ಅರ್ಜುಮಂದ ಟೀಚರ್, ಸ್ಕೂಟಿ ಇಳಿಯುವ ಮೊದಲೇ ಮಾತು ಶುರುಮಾಡುತ್ತಾರೆ: "ಪಾಠದ ವಿಡಿಯೋ ಮಕ್ಕಳು ಮನ್ಯಾಗ ನೋಡ್ಕೊಂಡು ಬರ್ಲಿ, ಸಾಲ್ಯಾಗ ಅವರೇ ಲೆಕ್ಕ ಮಾಡ್ಲಿ, ನೀವು ಸುಮ್ನ ಕುಂದರ್ರಿ!" ಸುಮ್ಮನಿರುವುದು ಮಾಸ್ತರರಿಗೆ ಬಲು ಕಷ್ಟ. ಅದಕ್ಕೇ ಟೀಚರ ಬ್ಯಾಗಿನ ತುಂಬ ಕಲ್ಲುಸಕ್ಕರೆ. ತರಗತಿಗೆ ಹೋಗುವ ಪ್ರತಿಯೊಬ್ಬರ ಬಾಯಿಗೂ ಒಂದು ಹರಳು. "ಕರಗೂತನಕ ಮಾತಾಡಂಗಿಲ್ರಿ." ಕಡಿದು ನುಂಗಿದವರಿಗೆ ಇನ್ನೂ ದೊಡ್ಡದು, ಸಕ್ಕರೆ ಕಾಯಿಲೆಯವರಿಗೆ ಲವಂಗ. ಮೊನ್ನೆ ಕೊಡೇಕಲ್ಲಿನ ಶಾಲೆಯಲ್ಲಿ, ವರ್ಷವಿಡೀ ತುಟಿ ಬಿಚ್ಚದಿದ್ದ ಮಸರತ ಎಂಬ ಹುಡುಗಿ ಹಲಗೆಯ ಮುಂದೆ ಭಿನ್ನರಾಶಿ ಬಿಡಿಸುತ್ತ, ತಪ್ಪಿ, ತಡವರಿಸಿ ನಿಂತಳು. ಮಾಸ್ತರರು ಸಕ್ಕರೆ ಚೀಪುತ್ತ ಕುಳಿತೇ ಇದ್ದರು. ಹಿಂದಿನ ಬೆಂಚಿನಿಂದ ಅರ್ಧ ಎದ್ದಿದ್ದ ಅರ್ಜುಮಂದ ಟೀಚರ್ ಅವಸರವಾಗಿ ಬ್ಯಾಗಿಗೆ ಕೈಹಾಕಿ, ತಮ್ಮ ಬಾಯಿಗೇ ಎರಡು ಹರಳು ಹಾಕಿಕೊಂಡು ಕುಳಿತರು. ಅವಿನ್ನೂ ಕರಗಿರಲಿಲ್ಲ, ಹುಡುಗಿ ತನ್ನ ತಪ್ಪನ್ನು ತಾನೇ ಅಳಿಸಿದಳು.