ಹೆಸರಿನ ಬದಲು ತವರೂರು

ಹೆಸರು ಹಾಕುವುದಿಲ್ಲ ಎಂದು ಮಾತು ಕೊಟ್ಟು ಹಳಿಯಾಳ ತಾಲೂಕಿನ ಒಂದು ಊರಿನಲ್ಲಿ ಹನ್ನೆರಡು ಹೆಂಗಸರನ್ನು ಮಾತಾಡಿಸಿದ್ದೆ. ಸಮಾಜಶಾಸ್ತ್ರದ ಪಿಎಚ್‌ಡಿ, ವಿಷಯ ಹೆಣ್ಣುಮಕ್ಕಳು ಮತ್ತು ಜಮೀನು. ಹೇಳಿದವರ ಗುರುತು ಮುಚ್ಚಬೇಕು. ಬರೆದದ್ದನ್ನು ಊರವರ ಮುಂದೆಯೇ ಓದಿ ಸರಿಯೋ ತಪ್ಪೋ ಕೇಳಬೇಕು. ಇವು ನಮ್ಮ ನಿಯಮ. ನಾನು ಭಾರಿ ಜಾಣತನ ಮಾಡಿ, ಹೆಸರಿನ ಜಾಗದಲ್ಲಿ ಅವರವರ ತವರೂರು ಬರೆದೆ. ಕಲಘಟಗಿಯಾಕೆ, ಮಳಗಿಯಾಕೆ, ಹೀಗೆ.

ನಾನು ದಾಂಡೇಲಿಯ ಮಿಲ್ ಕ್ವಾರ್ಟರ್ಸಿನಲ್ಲಿ ಬೆಳೆದವಳು. ನಮ್ಮವ್ವನನ್ನು ಓಣಿಯವರು ಕಡೆತನಕ ಕರೆದದ್ದು ಅವಳ ತವರೂರು ಹಿಡಿದೇ. ಸೊಸೆಯನ್ನು ಹೆಸರು ಹಿಡಿದು ಯಾರು ಕರೆಯುತ್ತಾರೆ? ಗೊತ್ತಿದ್ದೂ ಬರೆದೆನಲ್ಲ, ನನ್ನ ಬುದ್ಧಿಗಿಷ್ಟು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ಮನೆ ಅನ್ನುವುದಿಲ್ಲ.

ಮಠದ ಪಡಸಾಲೆಯಲ್ಲಿ ಊರು ಸೇರಿತ್ತು. ಹಿರಿಯರಿಗೆ ಒಂದೊಂದು ಝೆರಾಕ್ಸ್ ಪ್ರತಿ ಹಂಚಿ ಓದಲು ನಿಂತೆ. ಕಲಘಟಗಿಯಾಕೆಯ ಮಾತು ಬಂದ ಕೂಡಲೇ ಎಲ್ಲರ ಕತ್ತು ಒಬ್ಬ ಹೆಂಗಸಿನ ಕಡೆ ತಿರುಗಿತು. ಯಾರೋ ನಕ್ಕರು. ಓದುತ್ತಲೇ ಮುಂದಿನ ಹಾಳೆಗಳ ಮೇಲೆ ಕಣ್ಣಾಡಿಸಿದೆ.

ಎರಡು ಹಾಳೆ ಮುಂದೆ ಮಳಗಿಯಾಕೆ ಇದ್ದಳು. ಗಂಡ ಸತ್ತ ಮೇಲೆ ಅವಳನ್ನು ಬಿಟ್ಟು ಮೈದುನ ಜಮೀನನ್ನು ತನ್ನೊಬ್ಬನ ಹೆಸರಿಗೆ ವಾರಸಾ ಮಾಡಿಸಲು ಹೊರಟಿದ್ದ. ತಕರಾರು ಕೊಡಲು ನಾಳೆಯೇ ಕಡೆಯ ದಿನ. “ದವಾಖಾನಿ ನೆವದಾಗ ಹಳಿಯಾಳಕ್ಕ ಹೋಗಿ ಅರ್ಜಿ ಕೊಟ್ಟ ಬರ್ತೇನಿ. ಅವಂಗ ಗೊತ್ತಾದ್ರ ಹೊಸ್ತಿಲಾ ದಾಟಿಸಿಕೊಡೂದಿಲ್ಲ” ಎಂದಿದ್ದಳು. ಅದನ್ನೂ ಬರೆದಿದ್ದೆ. ಆ ಮೈದುನ ಮುಂದಿನ ಸಾಲಿನಲ್ಲೇ ಕೂತು, ಪ್ರತಿಯ ಮೇಲೆ ಬೆರಳಿಟ್ಟು ನಿಧಾನಕ್ಕೆ ನನ್ನ ಜೊತೆಯೇ ಓದುತ್ತಿದ್ದ.

ನಾನು ನಿಲ್ಲಿಸಿದೆ. “ಒಂದ ಹಾಳಿ ತಪ್ಪೇತ್ರಿ.”

“ನನ್ನ ಹತ್ರ ಐತಲ್ರಿ ಅಕ್ಕಾರ” ಎಂದು ಆತ ಹಾಳೆ ತಿರುವಿದ.

ತಲೆಯೆತ್ತಿ ನೋಡಿದರೆ ಮಳಗಿಯಾಕೆ ಆಗಲೇ ಎದ್ದಿದ್ದಳು. ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ ರಸ್ತೆಯ ಕಡೆ ನಡೆದಳು. ಹಳಿಯಾಳದ ಬಸ್ಸು ಬರುವ ಹೊತ್ತು. ಅವನ ಬೆರಳು ಇನ್ನೂ ಮೇಲಿನ ಸಾಲಿನಲ್ಲಿತ್ತು. ನಾನು ಕಾಗದ ಅಲ್ಲೇ ಬಿಟ್ಟು ಅವಳ ಹಿಂದೆ ಓಡಿದೆ. ಬಸ್ಸು ಹತ್ತುವಾಗ ಹಿಂದಿನಿಂದ ಅವನ ಕೂಗು ಕೇಳಿತು. ಕಂಡಕ್ಟರ್ ಸೀಟಿ ಊದಿದ.

ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅರ್ಜಿ ಬರೆದೆ. ರಸ್ತೆಯಂತೂ ದೇವರಿಗೇ ಪ್ರೀತಿ. ಸಂಶೋಧಕರು ಜನರ ಜಗಳದಲ್ಲಿ ಕೈ ಹಾಕಬಾರದು ಎಂಬ ಇನ್ನೊಂದು ನಿಯಮವಿದೆ. ಆಗ ಅದು ನೆನಪಾಗಿ ಸಿಟ್ಟೇ ಬಂತು.

ತಹಶೀಲ್ದಾರ್ ಕಚೇರಿಯ ಮೆಟ್ಟಿಲು ಹತ್ತುವಾಗ ಮೈದುನನ ಬೈಕು ಬಂದು ನಿಂತಿತು.

“ವೈನಿ, ಮನಿಗೆ ನಡೀರಿ.” ದನಿ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವಳು ತಿರುಗಿ ನೋಡದೆ ಉಳಿದ ಮೆಟ್ಟಿಲು ಹತ್ತಿದಳು. ಒಳಗೆ ಹೋಗಿ ಅರ್ಜಿಗೆ ಸಹಿ ಮಾಡಿ ಕೊಟ್ಟಳು. ಗುಮಾಸ್ತ ಸಿಕ್ಕೆ ಒತ್ತಿ ಸ್ವೀಕೃತಿ ಕೊಡುವವರೆಗೂ ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.

“ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ” ಎಂದು ಅವಳಿಗೆ ಹೇಳಿ ಆತ ಹೋದ.

ಅವಳ ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವಳ ತವರಿನ ಕಡೆ ಹೋಗುವ ಮುಂಡಗೋಡದ ಬಸ್ಸಿಗೆ ಕಾಯುತ್ತ, ನಾನು ತಪ್ಪಾಯಿತೆಂದು ಅತ್ತೆ. ಅವಳು ಅಳಲಿಲ್ಲ.

“ಅರ್ಜಿ ಕೊಟ್ಟ ಸಂಜಿಮುಂದ ಮನಿಗೆ ಹೋಗಿ ರೊಟ್ಟಿ ಬಡೀಬೇಕಂತ ಮಾಡಿದ್ದೆ” ಎಂದಳು. “ನೀವು ಹೆಸರ ಬರೀಲಿಲ್ಲ, ಖರೇ. ಆದ್ರ ಮನಿ ಬಿಡಿಸಿದ್ರಿ ನೋಡ್ರಿ.”